ದೇಶ ಬಿಟ್ಟು ಶಾಶ್ವತವಾಗಿ ಹೊರಟವರಿಗೆ ಪಿಎಫ್ ಅಂತಿಮ ಪಾವತಿ: ಒಂದು ಸೇವೆಯ ವಿಮರ್ಶೆ

ಉದ್ಯೋಗಿಗಳ ಭವಿಷ್ಯ ನಿಧಿ ಸಂಘಟನೆ, ಅಂದರೆ ನಾವೆಲ್ಲ ಇಪಿಎಫ್‌ಒ ಎಂದು ಕರೆಯುವ ಸಂಸ್ಥೆ, ವಿದೇಶದಲ್ಲಿ ಕಾಯಂ ಆಗಿ ನೆಲೆಸಲು ಹೊರಟ ಸದಸ್ಯರಿಗೆ ಖಾತೆಯ ಹಣವನ್ನು ನಿವೃತ್ತಿಗೆ ಮುನ್ನವೇ ಪೂರ್ತಿಯಾಗಿ ಕೊಡುತ್ತದೆ. ಆ ಸೇವೆಯನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಇದು ನಂಬಿಕೆಗೆ ಅರ್ಹವಾದ ಸೇವೆ. ಇದಕ್ಕೆ ಶುಲ್ಕವಿಲ್ಲ, ಹಣದ ಲೆಕ್ಕ ಪಾಸ್‌ಬುಕ್‌ನಲ್ಲಿ ತೆರೆದಿಟ್ಟಂತೆ ಕಾಣುತ್ತದೆ, ದಾಖಲೆಗಳು ಸರಿಯಿದ್ದರೆ ವಿಳಂಬವೂ ಹೆಚ್ಚಿಲ್ಲ. ಆದರೆ ಸದಸ್ಯರು ಭಾರತದಲ್ಲೇ ಇದ್ದಾರೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆ, ಹಳೆಯ ಕಂಪನಿಯ ಎಚ್‌ಆರ್ ವಿಭಾಗ ಕರೆಗೆ ಉತ್ತರಿಸುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ದೇಶ ಬಿಟ್ಟವರಿಗೆ ಈ ಮೂರೂ ಒಂದೊಂದಾಗಿ ಕೈತಪ್ಪುತ್ತವೆ. ಹಾಗಾಗಿ ಈ ಸೇವೆ ಒಳ್ಳೆಯ ಅನುಭವವಾಗುವುದೂ ಕಹಿ ಅನುಭವವಾಗುವುದೂ ಬಹುಪಾಲು ಹೊರಡುವ ಮುಂಚಿನ ತಯಾರಿಯಿಂದಲೇ ತೀರ್ಮಾನವಾಗುತ್ತದೆ.

ನನ್ನ ತಂಗಿ ಮತ್ತು ಆಕೆಯ ಪತಿ ಕಾಯಂ ವಾಸದ ವೀಸಾ ಪಡೆದು ಮೆಲ್ಬರ್ನ್‌ಗೆ ಹೊರಟಾಗ ಇಬ್ಬರ ಅರ್ಜಿಗಳನ್ನೂ ಅವರ ಜೊತೆ ಕುಳಿತು ಆರಂಭದಿಂದ ಕೊನೆಯವರೆಗೆ ನೋಡಿಕೊಂಡಿದ್ದೇನೆ. ಸಂಬಳ ಮತ್ತು ಪಿಎಫ್ ಲೆಕ್ಕದ ಕೆಲಸವೇ ನನ್ನ ವೃತ್ತಿಯಾದ್ದರಿಂದ ಕೆಲವು ವಿಷಯಗಳಲ್ಲಿ ನನ್ನ ನಿರೀಕ್ಷೆ ಸಾಮಾನ್ಯ ಸದಸ್ಯರಿಗಿಂತ ಹೆಚ್ಚಿರಬಹುದು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಲಿ.

ಮೊದಲಿಗೆ ನಿಯಮ. 1952ರ ಭವಿಷ್ಯ ನಿಧಿ ಯೋಜನೆಯ 69ನೇ ಪರಿಚ್ಛೇದವು, ಸದಸ್ಯರು ವಿದೇಶದಲ್ಲಿ ಶಾಶ್ವತವಾಗಿ ನೆಲೆಸಲು ಅಥವಾ ಅಲ್ಲಿ ಉದ್ಯೋಗಕ್ಕೆ ಸೇರಲು ಭಾರತ ಬಿಡುವ ಮುನ್ನ ಪೂರ್ತಿ ಹಣ ಪಡೆಯಬಹುದು ಎಂದು ಹೇಳುತ್ತದೆ. 55 ವರ್ಷ ದಾಟಿ ನಿವೃತ್ತರಾಗುವುದು, ಶಾಶ್ವತ ಅಂಗವೈಕಲ್ಯ ಮುಂತಾದ ಕಾರಣಗಳ ಸಾಲಿನಲ್ಲೇ ಇದೂ ಸೇರಿದೆ. ಕೆಲಸ ಬಿಟ್ಟು ಸುಮ್ಮನೆ ಮನೆಯಲ್ಲಿರುವವರಿಗೆ ಇದ್ದ ಎರಡು ತಿಂಗಳ ಕಾಯುವಿಕೆ ಇವರಿಗೆ ಅನ್ವಯಿಸುವುದಿಲ್ಲ. ಈ ವ್ಯತ್ಯಾಸಕ್ಕೆ ಈಗ ಮೊದಲಿಗಿಂತ ಹೆಚ್ಚಿನ ಬೆಲೆ ಬಂದಿದೆ. 2025ರ ಅಕ್ಟೋಬರ್ 13ರಂದು ಸಂಘಟನೆಯ ಕೇಂದ್ರ ಧರ್ಮದರ್ಶಿ ಮಂಡಳಿಯು ಭಾಗಶಃ ಹಿಂಪಡೆತದ 13 ನಿಯಮಗಳನ್ನು ಮೂರು ವರ್ಗಗಳಿಗೆ ಇಳಿಸಿ, ಶೇ 25ರಷ್ಟು ಹಣ ಖಾತೆಯಲ್ಲೇ ಉಳಿಯಬೇಕೆಂದೂ, ನಿರುದ್ಯೋಗದ ಕಾರಣಕ್ಕೆ ಅವಧಿಗೆ ಮುನ್ನ ಖಾತೆ ಪೂರ್ತಿ ಮುಚ್ಚಲು 2 ತಿಂಗಳ ಬದಲು 12 ತಿಂಗಳು ಕಾಯಬೇಕೆಂದೂ ತೀರ್ಮಾನಿಸಿತು. ಇದರಿಂದ ಎದ್ದ ಗೊಂದಲಕ್ಕೆ ಸರ್ಕಾರ ಕೊಟ್ಟ ಸ್ಪಷ್ಟೀಕರಣದಲ್ಲಿ, ಶಾಶ್ವತವಾಗಿ ಭಾರತ ಬಿಡುವವರಿಗೆ ಆ ಶೇ 25 ಸಹಿತ ಪೂರ್ತಿ ಮೊತ್ತ ಸಿಗುತ್ತದೆ ಎಂದು ಹೇಳಲಾಗಿದೆ. ಹೀಗಾಗಿ ಅರ್ಜಿಯಲ್ಲಿ ಕೆಲಸ ಬಿಟ್ಟ ಕಾರಣವನ್ನು ಏನೆಂದು ನಮೂದಿಸುತ್ತೇವೆ ಎಂಬುದು ಈಗ ಸಣ್ಣ ವಿಷಯವಲ್ಲ. ವೀಸಾ, ಪಾಸ್‌ಪೋರ್ಟ್ ಮತ್ತು ಪ್ರಯಾಣದ ಟಿಕೆಟ್‌ನ ಪ್ರತಿಗಳನ್ನು ಇಟ್ಟುಕೊಂಡು, ಕಾರಣವನ್ನು ಸ್ಪಷ್ಟವಾಗಿ ಬರೆದು ಕೊಟ್ಟ ಅರ್ಜಿಯೇ ಸುರಕ್ಷಿತ. ಎರಡು ಮೂರು ವರ್ಷದ ಪ್ರಾಜೆಕ್ಟ್‌ಗೆಂದು ಹೋಗಿ ಮರಳುವವರು ಶಾಶ್ವತ ವಲಸೆ ಎಂದು ಬರೆದು ಹಣ ತೆಗೆಯುವುದು ಸರಿಯಲ್ಲ. ಅದು ಸುಳ್ಳು ಘೋಷಣೆಯಾಗುತ್ತದೆ, ಜೊತೆಗೆ ಶೇ 8.25ರ ಬಡ್ಡಿ ಬರುತ್ತಿದ್ದ ಖಾತೆಯೂ ಕೈಬಿಟ್ಟು ಹೋಗುತ್ತದೆ.

ಸದಸ್ಯರ ಪೋರ್ಟಲ್ ಬಗ್ಗೆ ಹೇಳುವುದಾದರೆ, ಕೆಲವು ವರ್ಷಗಳ ಹಿಂದಿನದಕ್ಕೆ ಹೋಲಿಸಿದರೆ ಇಂದಿನದು ಬಹಳ ಸುಧಾರಿಸಿದೆ. ಯುಎಎನ್, ಅಂದರೆ ಎಷ್ಟು ಕಂಪನಿ ಬದಲಿಸಿದರೂ ಸದಸ್ಯರಿಗೆ ಒಂದೇ ಆಗಿರುವ ಗುರುತು ಸಂಖ್ಯೆಯಿಂದ ಒಳಹೊಕ್ಕು, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮೂರೂ ದೃಢೀಕೃತವಾಗಿದ್ದರೆ, ಪಿಎಫ್‌ಗೆ 19ನೇ ನಮೂನೆ, ಪಿಂಚಣಿ ಭಾಗಕ್ಕೆ 10ಸಿ ನಮೂನೆ ಎಂದು ಆಯ್ದುಕೊಂಡು ಮೊಬೈಲ್‌ಗೆ ಬರುವ ಒಟಿಪಿ ಹಾಕಿದರೆ ಅರ್ಜಿ ಮುಗಿಯಿತು. ಚೆಕ್ ಹಾಳೆ ಅಥವಾ ಪಾಸ್‌ಬುಕ್‌ನ ಚಿತ್ರ ಸೇರಿಸಬೇಕೆಂಬ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಕೈಬಿಟ್ಟದ್ದು ನಿಜವಾದ ಉಪಕಾರ. ಚಿತ್ರ ಮಸುಕಾಗಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಗಳು ತಿರಸ್ಕೃತವಾಗುತ್ತಿದ್ದ ಕಾಲವನ್ನು ನಾವು ನೋಡಿದ್ದೇವೆ. ಆನ್‌ಲೈನ್ ದಾರಿ ತೆರೆಯದಿದ್ದರೆ, ಅಥವಾ ಕೆಲಸ ಬಿಟ್ಟ ಕೂಡಲೇ ವಲಸೆಯ ಕಾರಣ ಕೊಟ್ಟು ದಾಖಲೆ ಸಹಿತ ಅರ್ಜಿ ಸಲ್ಲಿಸಬೇಕಿದ್ದರೆ, ಕಾಂಪೋಸಿಟ್ ಕ್ಲೇಮ್ ಫಾರ್ಮ್ ಎಂಬ ಕಾಗದದ ನಮೂನೆಯನ್ನು ಪ್ರಾದೇಶಿಕ ಕಚೇರಿಗೆ ಕೊಡಬಹುದು. ಈ ದಾರಿಯೂ ಇದೆ ಎಂಬುದನ್ನು ಪೋರ್ಟಲ್ ಎದ್ದು ಕಾಣುವಂತೆ ತಿಳಿಸಬೇಕಿತ್ತು.

ಆದರೆ ಅರ್ಜಿಯ ಗುಂಡಿ ಒತ್ತುವುದಕ್ಕೆ ಮೊದಲು ಪಾಸ್‌ಬುಕ್ಕನ್ನು ಸಮಾಧಾನದಿಂದ ಓದಬೇಕು. ಪ್ರತಿ ತಿಂಗಳ ಸಾಲಿನ ಎದುರು ಮೂರು ಅಂಕಣಗಳಿರುತ್ತವೆ: ಉದ್ಯೋಗಿಯ ಪಾಲು, ಮಾಲೀಕರ ಪಾಲು, ಪಿಂಚಣಿ ವಂತಿಗೆ. ಉದ್ಯೋಗಿಯಿಂದ ಶೇ 12 ಕಡಿತವಾದರೆ, ಮಾಲೀಕರ ಶೇ 12ರಲ್ಲಿ ಶೇ 8.33 ಪಿಂಚಣಿಗೆ ಹೋಗಿ ಉಳಿದದ್ದು ಪಿಎಫ್‌ಗೆ ಸೇರುತ್ತದೆ. ಪಿಂಚಣಿಗೆ ಲೆಕ್ಕ ಹಾಕುವ ವೇತನಕ್ಕೆ 15,000 ರೂಪಾಯಿಯ ಮಿತಿ ಇರುವುದರಿಂದ ಎಷ್ಟೇ ಸಂಬಳವಿದ್ದರೂ ಆ ಮೂರನೇ ಅಂಕಣದಲ್ಲಿ ಸಾಮಾನ್ಯವಾಗಿ ತಿಂಗಳಿಗೆ 1,250 ರೂಪಾಯಿ ಎಂದೇ ಕಾಣುತ್ತದೆ. ಈ ಮೂರನೆಯ ಅಂಕಣದ ಕೆಳಗೆ ಬಡ್ಡಿಯ ಸಾಲು ಇರುವುದಿಲ್ಲ, ಅದರ ಕಾರಣ ಮುಂದೆ ಹೇಳುತ್ತೇನೆ. ನೋಡಬೇಕಾದ ಇನ್ನೊಂದು ಸಂಗತಿ, ಒಂದೇ ಯುಎಎನ್ ಅಡಿಯಲ್ಲಿ ಎಷ್ಟು ಸದಸ್ಯ ಸಂಖ್ಯೆಗಳಿವೆ ಎಂಬುದು. ಪ್ರತಿ ಕಂಪನಿ ಬದಲಿಸಿದಾಗಲೂ ಹೊಸ ಸದಸ್ಯ ಸಂಖ್ಯೆ ಹುಟ್ಟುತ್ತದೆ. ಹಳೆಯದನ್ನು ಹೊಸದಕ್ಕೆ ವರ್ಗಾಯಿಸದಿದ್ದರೆ ಹಣವೂ ಸೇವೆಯ ವರ್ಷಗಳೂ ತುಂಡು ತುಂಡಾಗಿ ಉಳಿದುಬಿಡುತ್ತವೆ.

ಕರ್ನಾಟಕದವರನ್ನು ವಿಶೇಷವಾಗಿ ಕಾಡುವುದು ಹೆಸರಿನ ತೊಡಕು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಮೊದಲಕ್ಷರಗಳಾಗಿ ಹೆಸರಿನ ಹಿಂದೆಯೋ ಮುಂದೆಯೋ ಕೂರುವುದು ವಾಡಿಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ. ಎಸ್. ರಾಘವೇಂದ್ರ’, ಆಧಾರ್‌ನಲ್ಲಿ ‘ರಾಘವೇಂದ್ರ ಎಂ ಎಸ್’, ಪ್ಯಾನ್‌ನಲ್ಲಿ ಮೊದಲಕ್ಷರಗಳು ಬಿಡಿಸಿಕೊಂಡು ‘ರಾಘವೇಂದ್ರ ಮಂಡ್ಯ ಶ್ರೀನಿವಾಸ’, ಪಾಸ್‌ಪೋರ್ಟ್‌ನಲ್ಲಿ ಉಪನಾಮ ಮತ್ತು ಹೆಸರು ಬೇರೆಬೇರೆ ಸಾಲಿನಲ್ಲಿ: ಒಬ್ಬನೇ ಮನುಷ್ಯ ನಾಲ್ಕು ಕಡೆ ನಾಲ್ಕು ಬಗೆಯಾಗಿ ನಿಲ್ಲುತ್ತಾನೆ. ಕಂಪ್ಯೂಟರ್ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದರಿಂದ ಪ್ಯಾನ್ ಜೋಡಣೆಯೋ ಬ್ಯಾಂಕ್ ಖಾತೆಯ ದೃಢೀಕರಣವೋ ಅಲ್ಲಿಗೇ ನಿಲ್ಲುತ್ತದೆ. ಮದುವೆಯಾದ ಮೇಲೆ ಹೆಸರಿನ ಕೊನೆಯ ಭಾಗ ಬದಲಿಸಿಕೊಂಡ ಹೆಣ್ಣುಮಕ್ಕಳಿಗೆ ಈ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. 2025ರ ಜನವರಿಯಿಂದ, ಆಧಾರ್‌ನೊಂದಿಗೆ ಜೋಡಣೆಯಾದ ಯುಎಎನ್ ಇರುವವರು ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು, ಸೇರಿದ ಹಾಗೂ ಬಿಟ್ಟ ದಿನಾಂಕ ಮುಂತಾದವನ್ನು ದಾಖಲೆ ಅಪ್‌ಲೋಡ್ ಮಾಡದೆ ಸ್ವತಃ ತಿದ್ದಿಕೊಳ್ಳಬಹುದು. 2017ರ ಅಕ್ಟೋಬರ್ 1ಕ್ಕೆ ಮುಂಚಿನ ಯುಎಎನ್ ಆಗಿದ್ದರೆ ಕೆಲವು ತಿದ್ದುಪಡಿಗಳಿಗೆ ಮಾತ್ರ ಮಾಲೀಕರ ಒಪ್ಪಿಗೆ ಬೇಕು. ಈ ಸುಧಾರಣೆಗೆ ಸಂಘಟನೆಯನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ವೀಸಾ ಬಂದ ಮೇಲೆ ತಿದ್ದಲು ಕೂರುವ ಬದಲು, ವೀಸಾಕ್ಕೆ ಅರ್ಜಿ ಹಾಕಿದ ದಿನವೇ ಹೆಸರುಗಳನ್ನು ಹೊಂದಿಸಿಕೊಳ್ಳುವುದು ಜಾಣತನ.

ಕೆಲಸ ಬಿಟ್ಟ ದಿನಾಂಕ ದಾಖಲಾಗದೆ ಅಂತಿಮ ಪಾವತಿಯ ನಮೂನೆಯೇ ತೆರೆಯುವುದಿಲ್ಲ. 2020ರ ಜನವರಿಯಿಂದ ಸದಸ್ಯರೇ ಈ ದಿನಾಂಕವನ್ನು ನಮೂದಿಸಬಹುದಾದರೂ, ಕೊನೆಯ ವಂತಿಗೆ ಬಂದ ಮೇಲೆ ಎರಡು ತಿಂಗಳು ಕಳೆಯಬೇಕು ಎಂಬ ಷರತ್ತು ಇದೆ. ರಾಜೀನಾಮೆ ಕೊಟ್ಟ ಮೂರ್ನಾಲ್ಕು ವಾರಗಳಲ್ಲೇ ವಿಮಾನ ಹತ್ತುವವರಿಗೆ ಇದರಿಂದ ಪ್ರಯೋಜನವಿಲ್ಲ. ಅವರು ಕಂಪನಿಯಿಂದಲೇ ದಾಖಲಿಸಿಕೊಂಡು ಹೊರಡಬೇಕು. ತಂಗಿಯ ಪ್ರಕರಣದಲ್ಲಿ ಆಕೆಯ ಹಿಂದಿನ ಒಂದು ಕಂಪನಿಯವರು ಬಿಟ್ಟ ದಿನಾಂಕವನ್ನು ಮುಂದಿನ ಕಂಪನಿಗೆ ಸೇರಿದ ದಿನಾಂಕಕ್ಕಿಂತ ನಂತರದ್ದಾಗಿ ಬರೆದಿದ್ದರು. ಒಬ್ಬಳೇ ಒಂದೇ ಸಮಯದಲ್ಲಿ ಎರಡು ಕಡೆ ದುಡಿದಂತೆ ತೋರುತ್ತಿದ್ದ ಆ ಸಾಲನ್ನು ಸರಿಪಡಿಸಲು ಆ ಕಂಪನಿಯ ಬೆನ್ನು ಬಿದ್ದು ಹಲವು ಮಿಂಚಂಚೆ ಬರೆಯಬೇಕಾಯಿತು. ಆಕೆ ಇನ್ನೂ ಬೆಂಗಳೂರಿನಲ್ಲಿದ್ದ ಕಾರಣ ಅದು ಬಗೆಹರಿಯಿತು. ದಿನಾಂಕ ಸರಿಯಾದ ಮೇಲೆ ಮಾತ್ರ, ನಿಯಮದಲ್ಲಿ ಹೇಳಿರುವ 20 ದಿನಗಳ ಒಳಗೇ ಇಬ್ಬರ ಪಿಎಫ್ ಹಣವೂ ಬ್ಯಾಂಕಿಗೆ ಬಂತು. ಹಣ ಇತ್ಯರ್ಥವಾಗುವ ದಿನದವರೆಗೂ ಬಡ್ಡಿ ಕೊಡಬೇಕೆಂದು ಮಂಡಳಿ 2024ರ ನವೆಂಬರ್‌ನಲ್ಲಿ ತೀರ್ಮಾನಿಸಿದೆ. ಮೊದಲು ಹಿಂದಿನ ತಿಂಗಳ ಕೊನೆಗೇ ಲೆಕ್ಕ ನಿಲ್ಲಿಸುತ್ತಿದ್ದ ಪದ್ಧತಿಯಿಂದ ಸದಸ್ಯರಿಗೆ ಆಗುತ್ತಿದ್ದ ನಷ್ಟ ಇದರಿಂದ ತಪ್ಪಿದೆ.

ತೆರಿಗೆಯ ವಿಷಯದಲ್ಲಿ ಐದು ವರ್ಷ ಎಂಬುದು ಗಡಿ. ನಿರಂತರ ಸೇವೆ ಐದು ವರ್ಷ ದಾಟಿದ್ದರೆ ಹಿಂಪಡೆದ ಮೊತ್ತಕ್ಕೆ ಭಾರತದಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ. ಹಿಂದಿನ ಕಂಪನಿಗಳ ಪಿಎಫ್ ವರ್ಗಾಯಿಸಿಕೊಂಡಿದ್ದರೆ ಅಲ್ಲಿನ ವರ್ಷಗಳೂ ಸೇರುತ್ತವೆ. ಹಳೆಯ ಖಾತೆಗಳನ್ನು ಮೊದಲು ಒಂದುಗೂಡಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಐದು ವರ್ಷಕ್ಕೆ ಮುನ್ನ ತೆಗೆದರೆ ಮಾಲೀಕರ ಪಾಲು ಮತ್ತು ಅದರ ಬಡ್ಡಿ ಸಂಬಳದಂತೆ ತೆರಿಗೆಗೆ ಒಳಪಡುತ್ತವೆ, ಹಿಂದೆ ಪಡೆದ ವಿನಾಯಿತಿಗಳೂ ಹಿಂದಕ್ಕೆ ಹೋಗುತ್ತವೆ. ಮೊತ್ತ 50,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಶೇ 10, ಪ್ಯಾನ್ ಇಲ್ಲದಿದ್ದರೆ ಶೇ 20 ಮೂಲದಲ್ಲೇ ಕಡಿತವಾಗುತ್ತದೆ. ಅನಾರೋಗ್ಯ ಅಥವಾ ಕಂಪನಿ ಮುಚ್ಚಿದಂತಹ, ಉದ್ಯೋಗಿಯ ಕೈಮೀರಿದ ಕಾರಣಗಳಿಗೆ ಈ ಐದು ವರ್ಷದ ಷರತ್ತಿನಿಂದ ರಿಯಾಯಿತಿ ಉಂಟು. ಸ್ವಇಚ್ಛೆಯ ವಲಸೆಯನ್ನು ಆ ಪಟ್ಟಿಗೆ ಸೇರಿಸುವಂತಿಲ್ಲ. ತೆರಿಗೆ ಕಡಿತ ಬೇಡವೆಂದು ಕೊಡುವ, 15ಜಿ ಎಂದು ಜನ ಬಲ್ಲ ಘೋಷಣೆಯನ್ನು ಅನಿವಾಸಿಗಳು ಕೊಡುವಂತಿಲ್ಲ. ನಾಲ್ಕು ವರ್ಷ ಹತ್ತು ತಿಂಗಳ ಸೇವೆ ಇರುವವರು ಎರಡು ತಿಂಗಳು ತಡೆದು ರಾಜೀನಾಮೆ ಕೊಡಲು ಸಾಧ್ಯವೇ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು. ಇನ್ನು ಹೊಸ ದೇಶದ ತೆರಿಗೆ ನಿವಾಸಿಯಾದ ಮೇಲೆ ಈ ಹಣ ಬಂದರೆ ಅಲ್ಲಿನ ಕಾನೂನು ಅದನ್ನು ಬೇರೆ ಬಗೆಯಲ್ಲಿ ನೋಡಬಹುದು, ಆದ್ದರಿಂದ ಸಾಧ್ಯವಾದ ಮಟ್ಟಿಗೆ ಹೊರಡುವ ಮೊದಲೇ ಹಣ ಖಾತೆಗೆ ಬರುವಂತೆ ನೋಡಿಕೊಳ್ಳಬೇಕು.

ಹಣ ಸೇರುವುದು ಭಾರತದ ಬ್ಯಾಂಕ್ ಖಾತೆಗೆ ಮಾತ್ರ. ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು ಎಂಬುದು ವಿದೇಶಿ ವಿನಿಮಯ ಕಾನೂನಿನ ನಿಯಮ. ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದಾಗಿದ್ದು, ಅದಕ್ಕೆ ತೆರಿಗೆಯ ಘೋಷಣೆ ಮತ್ತು ಮೊತ್ತಕ್ಕೆ ತಕ್ಕಂತೆ ಚಾರ್ಟರ್ಡ್ ಅಕೌಂಟೆಂಟ್‌ರ ಪ್ರಮಾಣಪತ್ರ ಬೇಕಾಗುತ್ತದೆ. ಅರ್ಜಿ ಇತ್ಯರ್ಥವಾಗುವ ಮೊದಲೇ ಪಿಎಫ್‌ಗೆ ಜೋಡಿಸಿದ ಖಾತೆಯನ್ನು ಮುಚ್ಚಿಬಿಡಬಾರದು. ಆಧಾರ್‌ಗೆ ಜೋಡಿಸಿದ ಸಿಮ್ ಕಾರ್ಡ್‌ಗೆ ರೀಚಾರ್ಜ್ ತಪ್ಪಿಸಬಾರದು.

ಈಗ ಪಿಂಚಣಿಯ ಭಾಗ. ಈ ಸೇವೆಯಲ್ಲಿ ಸದಸ್ಯರಿಗೆ ಅತಿ ಕಡಿಮೆ ತಿಳಿವಳಿಕೆ ಸಿಗುವುದೂ, ಆತುರದ ತೀರ್ಮಾನಗಳು ಹೆಚ್ಚು ಆಗುವುದೂ ಇಲ್ಲಿಯೇ. ತಿಂಗಳಿಗೆ 1,250 ರೂಪಾಯಿಯಂತೆ ಏಳು ವರ್ಷ ಕಟ್ಟಿದರೆ 84 ತಿಂಗಳಿಗೆ 1,05,000 ರೂಪಾಯಿ ಆಗುತ್ತದೆ. 10ಸಿ ನಮೂನೆಯಲ್ಲಿ ಕೈಗೆ ಬರುವುದು ಈ ಮೊತ್ತ ಮತ್ತು ಅದರ ಬಡ್ಡಿ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. 1995ರ ಪಿಂಚಣಿ ಯೋಜನೆಯಲ್ಲಿ ಯಾರ ಹೆಸರಿನಲ್ಲೂ ಬಡ್ಡಿ ಬೆಳೆಯುವ ಖಾತೆ ಇಲ್ಲ. ಸೇವೆಯ ಅವಧಿಗೆ ತಕ್ಕಂತೆ ಒಂದು ಕೋಷ್ಟಕದಲ್ಲಿ ಕೊಟ್ಟಿರುವ ಗುಣಕವನ್ನು ವೇತನಕ್ಕೆ ಗುಣಿಸಿ ಕೊಡುತ್ತಾರೆ. 2024ರ ತಿದ್ದುಪಡಿಯ ನಂತರ ಪೂರ್ಣ ವರ್ಷಗಳ ಬದಲು ತಿಂಗಳುಗಳ ಲೆಕ್ಕ ಬಂದಿದ್ದು, ಆರು ತಿಂಗಳಿಗಿಂತ ಕಡಿಮೆ ಸೇವೆ ಇದ್ದವರಿಗೂ ಅವರ ಪಾಲು ಸಿಗುವಂತಾಗಿದೆ. ಇದು ನ್ಯಾಯವಾದ ಕ್ರಮ.

ಸೇವೆ ಹತ್ತು ವರ್ಷ ಮುಟ್ಟಿದ ಮೇಲೆ ಪಿಂಚಣಿ ಹಣವನ್ನು ಒಟ್ಟಿಗೆ ತೆಗೆಯಲು ಬರುವುದೇ ಇಲ್ಲ. ಪಿಂಚಣಿಯ ಅರ್ಹತೆ ನೋಡುವಾಗ ಆರು ತಿಂಗಳು ಮತ್ತು ಹೆಚ್ಚಿನ ಭಾಗವನ್ನು ಒಂದು ವರ್ಷವೆಂದು ಪರಿಗಣಿಸುವುದರಿಂದ ಒಂಬತ್ತೂವರೆ ವರ್ಷಕ್ಕೇ ಈ ಬಾಗಿಲು ಮುಚ್ಚುತ್ತದೆ. ತಂಗಿಯ ಪತಿಯ ಸೇವೆ 11 ವರ್ಷ. ಮೊದಲಿಗೆ ಅವರು ಇದನ್ನು ನಷ್ಟವೆಂದೇ ಭಾವಿಸಿದ್ದರು. ಆದರೆ ಲೆಕ್ಕ ಹಾಕಿದಾಗ, 15,000 ರೂಪಾಯಿಯನ್ನು 11ರಿಂದ ಗುಣಿಸಿ 70ರಿಂದ ಭಾಗಿಸಿದರೆ, 58ನೇ ವಯಸ್ಸಿನಿಂದ ತಿಂಗಳಿಗೆ ಸುಮಾರು 2,357 ರೂಪಾಯಿ ಬದುಕಿರುವವರೆಗೂ ಬರುತ್ತದೆ, ಅವರ ನಂತರ ಕುಟುಂಬಕ್ಕೂ ಒಂದು ಪಾಲು ಇದೆ. ಮೆಲ್ಬರ್ನ್‌ನ ಖರ್ಚಿಗೆ ಇದು ಏನೂ ಅಲ್ಲ, ನಿಜ. ಊರಿನಲ್ಲಿರುವ ಮನೆಯ ಕಂದಾಯ, ವಿದ್ಯುತ್ ಬಿಲ್ಲಿಗೆ ಆಗುತ್ತದೆ ಎಂದು ಅವರೇ ಆಮೇಲೆ ಹೇಳಿದರು. ಹತ್ತು ವರ್ಷ ದಾಟಿದವರು ಹೊರಡುವ ಮೊದಲು ಮಾಡಬೇಕಾದದ್ದು ಇಷ್ಟೇ: ಅದೇ 10ಸಿ ನಮೂನೆಯಲ್ಲಿ ಸ್ಕೀಮ್ ಸರ್ಟಿಫಿಕೇಟ್, ಅಂದರೆ ಈವರೆಗಿನ ಪಿಂಚಣಿ ಸೇವೆಯನ್ನು ದಾಖಲಿಸುವ ಪ್ರಮಾಣಪತ್ರ ಕೇಳಿ ಪಡೆದು, ಕುಟುಂಬದವರ ಹೆಸರುಗಳು ಅದರಲ್ಲಿ ಸರಿಯಾಗಿವೆಯೇ ಎಂದು ನೋಡಿ, ಜೋಪಾನವಾಗಿ ಇಡುವುದು.

ಹತ್ತು ವರ್ಷ ತುಂಬದವರಿಗೆ ಹಣವೋ ಸರ್ಟಿಫಿಕೇಟೋ ಎಂಬ ಆಯ್ಕೆ ಇದೆ. ಹೋಗುವ ದೇಶ ಯಾವುದು ಎಂಬುದರ ಮೇಲೆ ಇದರ ಉತ್ತರ ಬದಲಾಗುತ್ತದೆ. ಜರ್ಮನಿ, ಫ್ರಾನ್ಸ್, ನೆದರ್‌ಲೆಂಡ್ಸ್, ಜಪಾನ್ ಮೊದಲಾದ ದೇಶಗಳೊಂದಿಗೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದಗಳಿವೆ. ಕೆನಡಾದೊಂದಿಗಿನದು 2015ರ ಆಗಸ್ಟ್ 1ರಿಂದ, ಆಸ್ಟ್ರೇಲಿಯಾದೊಂದಿಗಿನದು 2016ರ ಜನವರಿ 1ರಿಂದ ಜಾರಿಯಲ್ಲಿದೆ. ಇಂತಹ ಒಪ್ಪಂದಗಳಲ್ಲಿ ಎರಡೂ ದೇಶಗಳ ಅವಧಿಯನ್ನು ಅರ್ಹತೆಗಾಗಿ ಕೂಡಿಸಿ ನೋಡುವ ಅವಕಾಶ ಇರುತ್ತದೆ. ಅಂದರೆ ಇಲ್ಲಿ ಏಳು ವರ್ಷ ದುಡಿದವರ ಸೇವೆ ವ್ಯರ್ಥವಾಗದೆ ಮುಂದೊಂದು ದಿನ ಪಿಂಚಣಿಗೆ ನೆರವಾಗಬಹುದು. ಅಮೆರಿಕದೊಂದಿಗೆ ಇಂತಹ ಒಪ್ಪಂದ ಇಲ್ಲ, ಅಲ್ಲಿಗೆ ಹೋಗುವವರ ಲೆಕ್ಕವೇ ಬೇರೆ. ನನ್ನ ತಂಗಿ ಇದನ್ನೆಲ್ಲ ತೂಗಿ ನೋಡಿ ಪಿಎಫ್ ಮಾತ್ರ ತೆಗೆದು, ಪಿಂಚಣಿಗೆ ಸರ್ಟಿಫಿಕೇಟ್ ಪಡೆದಳು. ಹಣವೇ ಬೇಕೆನ್ನುವವರು ಇನ್ನೊಂದು ಸಂಗತಿ ಗಮನಿಸಬೇಕು: 2025ರ ಅಕ್ಟೋಬರ್‌ನ ಅದೇ ಸಭೆಯು ಪಿಂಚಣಿ ಹಣದ ಹಿಂಪಡೆತಕ್ಕೆ ಕಾಯುವ ಅವಧಿಯನ್ನು 2 ತಿಂಗಳಿಂದ 36 ತಿಂಗಳಿಗೆ ಏರಿಸಲು ತೀರ್ಮಾನಿಸಿದೆ. ಆದ್ದರಿಂದ ಪಿಎಫ್ ಮತ್ತು ಪಿಂಚಣಿ ಎರಡೂ ಒಟ್ಟಿಗೆ ಬರುತ್ತವೆಂದು ನಂಬಿ ವಲಸೆಯ ಖರ್ಚಿನ ಲೆಕ್ಕ ಹಾಕಬಾರದು. ಇಷ್ಟು ಮಹತ್ವದ ಆಯ್ಕೆಯನ್ನು ಪೋರ್ಟಲ್‌ನಲ್ಲಿ ಒಂದು ಪಟ್ಟಿಯ ಎರಡು ಸಾಲುಗಳಲ್ಲಿ ಮುಗಿಸಿರುವುದು ಈ ಸೇವೆಯ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ. ಎಷ್ಟು ಹಣ ಸಿಗುತ್ತದೆ, ಸರ್ಟಿಫಿಕೇಟ್ ಪಡೆದರೆ ಯಾವ ವಯಸ್ಸಿಗೆ ಎಷ್ಟು ಪಿಂಚಣಿ ಬರಬಹುದು ಎಂದು ಅಕ್ಕಪಕ್ಕ ತೋರಿಸಲು ಸಂಘಟನೆಯ ಬಳಿ ಎಲ್ಲ ಮಾಹಿತಿಯೂ ಇದೆ.

ಹಣ ಅಲ್ಲೇ ಇರಲಿ, ಬಡ್ಡಿ ಬೆಳೆಯುತ್ತಿರಲಿ ಎಂದು ಬಿಟ್ಟು ಹೋಗುವವರೂ ಇದ್ದಾರೆ. ಅವರಿಗೆ ಎರಡು ಮಾತು. ಶಾಶ್ವತವಾಗಿ ವಿದೇಶಕ್ಕೆ ಹೋದ ಸದಸ್ಯರು 36 ತಿಂಗಳೊಳಗೆ ಹಣ ಕೇಳದಿದ್ದರೆ ಖಾತೆ ನಿಷ್ಕ್ರಿಯವೆಂದು ಪರಿಗಣಿತವಾಗಿ ಬಡ್ಡಿ ನಿಲ್ಲುತ್ತದೆ. 58 ವರ್ಷದವರೆಗೆ ಬಡ್ಡಿ ಬರುತ್ತದೆ ಎಂಬ ಮಾತು ವಲಸೆ ಹೋದವರಿಗೆ ಅನ್ವಯಿಸುವುದಿಲ್ಲ. ಎರಡನೆಯದಾಗಿ, ಕೆಲಸ ಬಿಟ್ಟ ನಂತರದ ಅವಧಿಯಲ್ಲಿ ಸೇರಿದ ಬಡ್ಡಿಗೆ ತೆರಿಗೆ ವಿನಾಯಿತಿ ಇಲ್ಲ ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವೇ 2017ರಲ್ಲಿ ಹೇಳಿದೆ.

ದೊಡ್ಡ ಕಂಪನಿಗಳ ಉದ್ಯೋಗಿಗಳಿಗೆ ಒಂದು ಸೂಚನೆ. ಬೆಂಗಳೂರಿನ ಕೆಲವು ಕಂಪನಿಗಳು ಪಿಎಫ್ ಹಣವನ್ನು ತಮ್ಮದೇ ಟ್ರಸ್ಟ್‌ನಲ್ಲಿ ನೋಡಿಕೊಳ್ಳುತ್ತವೆ. ಅಂತಹ ಕಡೆ ಪಿಎಫ್ ಅರ್ಜಿ ಟ್ರಸ್ಟ್‌ಗೆ, ಪಿಂಚಣಿಯ ಅರ್ಜಿ ಇಪಿಎಫ್‌ಒಗೆ ಹೋಗಬೇಕು. ಟ್ರಸ್ಟ್‌ನಿಂದ ಹಣ ಬಂದೊಡನೆ ಎಲ್ಲವೂ ಮುಗಿಯಿತೆಂದು ಪಿಂಚಣಿಯನ್ನು ಮರೆತು ಹೊರಟವರು ಬೇಕಾದಷ್ಟಿದ್ದಾರೆ.

ಜನರೊಂದಿಗಿನ ವ್ಯವಹಾರದ ಬಗ್ಗೆ ನನ್ನ ಅನಿಸಿಕೆ ಒಟ್ಟಿನಲ್ಲಿ ಒಳ್ಳೆಯದೇ. ಬೆಂಗಳೂರಿನ ರಾಜಾರಾಂ ಮೋಹನ್ ರಾಯ್ ರಸ್ತೆಯ ಭವಿಷ್ಯ ನಿಧಿ ಭವನವಲ್ಲದೆ ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಗಳಲ್ಲೂ ಕಚೇರಿಗಳಿವೆ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಕಾರ್ಯಕ್ರಮದಲ್ಲಿ ಅಧಿಕಾರಿಗಳನ್ನು ನೇರವಾಗಿ ಕಾಣಬಹುದು. ದೂರು ಸಲ್ಲಿಸುವ ಪ್ರತ್ಯೇಕ ತಾಣದಲ್ಲಿ ಅರ್ಜಿ ಸಂಖ್ಯೆ ಸಹಿತ ಸ್ಪಷ್ಟವಾಗಿ ಬರೆದರೆ ಲಿಖಿತ ಉತ್ತರ ಬರುತ್ತದೆ, ವಿದೇಶದಿಂದಲೂ ಬಳಸಬಹುದಾದ ದಾರಿ ಇದು. ಹಣ ಬಿಡಿಸಿಕೊಡುತ್ತೇವೆಂದು ಶೇಕಡಾವಾರು ಕಮಿಷನ್ ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ ಎಂದು ಸಂಘಟನೆಯೇ ಎಚ್ಚರಿಸಿದೆ. ಒಟಿಪಿ ಮತ್ತು ಪಾಸ್‌ವರ್ಡ್‌ಗಳನ್ನು ಅಪರಿಚಿತರ ಕೈಗೆ ಕೊಟ್ಟು ಜೀವಮಾನದ ಉಳಿತಾಯವನ್ನು ಅಪಾಯಕ್ಕೆ ಒಡ್ಡುವ ಅಗತ್ಯ ಖಂಡಿತ ಇಲ್ಲ.

ತಿರಸ್ಕೃತ ಅರ್ಜಿಗಳಿಗೆ ಕೊಡುವ ಕಾರಣಗಳ ಭಾಷೆ ಮಾತ್ರ ಸುಧಾರಿಸಲೇಬೇಕು. ‘ವಿವರಗಳು ಹೊಂದಿಕೆಯಾಗುತ್ತಿಲ್ಲ’ ಎಂದಷ್ಟೇ ಬರೆದರೆ ಯಾವ ವಿವರ, ಯಾವ ದಾಖಲೆಯೊಂದಿಗೆ ಹೊಂದುತ್ತಿಲ್ಲ ಎಂದು ಮೆಲ್ಬರ್ನ್‌ನಲ್ಲೋ ಟೊರಾಂಟೊದಲ್ಲೋ ಕುಳಿತವರು ಹೇಗೆ ತಿಳಿಯಬೇಕು? ವಲಸೆ ಹೋಗುವವರಿಗೆಂದೇ ಒಂದು ಪ್ರತ್ಯೇಕ ಪುಟ, ಹೊರಡುವ ಮುನ್ನ ಸರಿಪಡಿಸಿಕೊಳ್ಳಬೇಕಾದ ವಿವರಗಳ ಪಟ್ಟಿ, ವಿದೇಶದ ಮೊಬೈಲ್ ಸಂಖ್ಯೆಗೂ ಅರ್ಜಿಯ ಸ್ಥಿತಿ ತಿಳಿಸುವ ವ್ಯವಸ್ಥೆ, ಇಷ್ಟನ್ನು ಮಾಡಿದರೆ ಈ ಸೇವೆಯ ಬಗ್ಗೆ ನನ್ನ ಆಕ್ಷೇಪಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರಗುತ್ತವೆ.

ಪಿಎಫ್ ಜೊತೆಗೆ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ಇಟ್ಟಿರುವವರು ಎರಡನ್ನೂ ಒಂದೇ ಎಂದು ತಿಳಿಯಬಾರದು. ಅನಿವಾಸಿಯಾದವರು ಇದ್ದ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಆಮೇಲೆ ವಿಸ್ತರಿಸುವಂತಿಲ್ಲ. ಐದು ವರ್ಷ ತುಂಬಿದ್ದರೆ, ವಾಸಸ್ಥಾನ ಬದಲಾದ ಕಾರಣಕ್ಕೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಕೊಟ್ಟು ಮುಂಚಿತವಾಗಿ ಮುಚ್ಚಲು 2019ರ ಪಿಪಿಎಫ್ ಯೋಜನೆಯಲ್ಲಿ ಅವಕಾಶವಿದೆ, ಆದರೆ ಬಡ್ಡಿ ದರದಲ್ಲಿ ಶೇ 1ರಷ್ಟು ಕಡಿತವಾಗುತ್ತದೆ. ಪಿಎಫ್ ಅಂತಿಮ ಪಾವತಿಯಲ್ಲಿ ಅಂತಹ ದಂಡವೇನೂ ಇಲ್ಲದಿರುವುದರಿಂದ, ಎರಡರಲ್ಲಿ ಒಂದನ್ನು ಮಾತ್ರ ಈಗ ತೆಗೆಯಬೇಕೆಂದಿರುವವರಿಗೆ ಪಿಎಫ್ ತೆಗೆದು ಪಿಪಿಎಫ್ ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ.